ಹಾಸನದಿಂದ ಬೇಲೂರು ತನಕ ನಡೆಯುವಾಗ ಬೇಜಾರು ಕಳೆಯೋದು ಹೇಗೆ? (ನಮ್ಮ ಭಾವನ ಸಮಸ್ಯೆ)

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಪ್ರತಿ ವರ್ಷ ಶಿವರಾತ್ರಿಗೆ ನಾವು ಹತ್ತು ಹನ್ನೆರಡು ಜನ ಹಾಸನದಿಂದ ಧರ್ಮಸ್ಥಳಕ್ಕೆ ನಡೆದು ಹೋಗುತ್ತೇವೆ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ದಾರಿ. ನಾಲ್ಕು ರಾತ್ರಿ ದಾರಿಯಲ್ಲಿ, ಐದನೇ ದಿನ ನೇತ್ರಾವತಿಯಲ್ಲಿ ಸ್ನಾನ. ಕಾಲು ನೋವು, ಬೊಬ್ಬೆ, ಬಿಸಿಲು ಇದರ ಬಗ್ಗೆ ಕೇಳುತ್ತಿಲ್ಲ. ಅದಕ್ಕೆಲ್ಲ ಮದ್ದು ಗೊತ್ತು. ನನ್ನ ಪ್ರಶ್ನೆ ಬೇಜಾರಿನದ್ದು.

ಚಾರ್ಮಾಡಿ ಘಾಟಿಯಲ್ಲಿ ಯಾರಿಗೂ ಬೇಜಾರಾಗಲ್ಲ. ಒಂದೊಂದು ತಿರುವಿಗೂ ಒಂದೊಂದು ನೋಟ. ಕಷ್ಟ ಇರುವುದು ಮೊದಲನೇ ದಿನ. ಹಾಸನ ದಾಟಿದರೆ ಹಗರೆ, ಹಗರೆ ದಾಟಿದರೆ ಬೇಲೂರು. ಹೆಚ್ಚುಕಮ್ಮಿ 40 ಕಿಲೋಮೀಟರ್. ಎರಡೂ ಕಡೆ ಹೊಲ, ಕೊಯ್ದು ಬಿಟ್ಟ ಜೋಳದ ಕೂಳೆ. ದೂರದಲ್ಲಿ ಒಂದು ಆಲದ ಮರ ಕಾಣುತ್ತೆ. ಕಾಲು ಗಂಟೆ ನಡೆದು ತಲೆ ಎತ್ತಿದರೆ ಅದು ಅಲ್ಲೇ ನಿಂತಿರುತ್ತೆ, ನಮ್ಮನ್ನೇ ನೋಡಿ ನಕ್ಕ ಹಾಗೆ.

ನಮ್ಮ ಭಾವ ಮೂರು ವರ್ಷದಿಂದ ಹಗರೆಯಲ್ಲಿ ಸಾಮಾನಿನ ಟೆಂಪೋ ಹತ್ತುತ್ತಾರೆ. ಕಾಲು ನೋವಲ್ಲ, ಸುಸ್ತಲ್ಲ. ಕೇಳಿದರೆ 'ಬೋರು ಕಣಯ್ಯ' ಅಂತಾರೆ. ಹೋದ ವರ್ಷ ನಮ್ಮನ್ನು ದಾಟಿ ಹೋಗುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿ, 'ಬೇಗ ಬನ್ರಪ್ಪಾ, ಬಜ್ಜಿ ಆರಿಹೋಗುತ್ತೆ' ಅಂದರು. ಆಮೇಲೆ ಘಾಟಿಯಲ್ಲಿ ಅವರೇ ಎಲ್ಲರಿಗಿಂತ ಮುಂದೆ, ಕಾಲು ಹೇಗೆ ಇಡಬೇಕು ಅಂತ ನಮಗೆ ಪಾಠ ಬೇರೆ.

ಈ ಸಲ ಫೆಬ್ರವರಿ 15ಕ್ಕೆ ಶಿವರಾತ್ರಿ. 11ಕ್ಕೆ ಹೊರಡುತ್ತೇವೆ. ಭಾವನನ್ನು ಬೇಲೂರಿನ ತನಕ ನಡೆಸೋದು ಹೇಗೆ? ನಿಜ ಹೇಳಬೇಕಂದ್ರೆ ನನಗೂ ಆ ರಸ್ತೆ ಬೇಜಾರೇ. ಟೆಂಪೋ ಹತ್ತೋಕೆ ಮರ್ಯಾದೆ ಅಡ್ಡ ಬರುತ್ತೆ, ಅಷ್ಟೇ.

ಬಸ್‌ಪಾಸ್
ಹಾಸನದಿಂದ ಬೇಲೂರಿಗೆ ಬಸ್ಸಿದೆ. ಸುಮ್ನೆ ತಿಳಿದಿರಲಿ ಅಂತ ಹೇಳಿದೆ.

ಅರಸೀಕೆರೆ_ಕಾಯಿ
ಗಾಡಿ ನಂಬರ್ ಆಟ ಆಡಿ. ನಾವು ಆಡೋದು ಹೀಗೆ: ಕೆಎ 01ರಿಂದ ಶುರು. 01 ಕಂಡ ಮೇಲೇ 02 ಲೆಕ್ಕ, 02 ಕಂಡ ಮೇಲೇ 03. ಮಧ್ಯೆ 19 ಕಂಡರೂ ಪ್ರಯೋಜನ ಇಲ್ಲ, ಅದರ ಸರದಿ ಬರಬೇಕು. ಒಬ್ಬರ ಕೈಯಲ್ಲಿ ಪುಸ್ತಕ. ಇಬ್ಬರು ನೋಡಿದರೆ ಮಾತ್ರ ಬರೆಯೋದು, ಇಲ್ಲದಿದ್ರೆ ಸುಳ್ಳು ಹೇಳ್ತಾರೆ.

01ರಿಂದ 05 ಬೆಂಗಳೂರು, ಅರ್ಧ ಗಂಟೆಯಲ್ಲಿ ಮುಗಿಯುತ್ತೆ. 06 ತುಮಕೂರು, ಸುಲಭ. 07 ಕೋಲಾರ ಸ್ವಲ್ಪ ಸತಾಯಿಸುತ್ತೆ. ಅಸಲಿ ಆಟ 08. ಅದು ಕೆಜಿಎಫ್. ಕೆಜಿಎಫ್ ಗಾಡಿಗೆ ಹಾಸನದ ಕಡೆ ಏನು ಕೆಲಸ? ನಾವು ಎರಡೂವರೆ ಗಂಟೆ ಅದನ್ನೇ ಕಾದುಕೊಂಡು ನಡೆದೆವು. ಕೊನೆಗೆ ಒಂದು ಟೀ ಅಂಗಡಿ ಮುಂದೆ 08ರ ಹಳೇ ವ್ಯಾನ್ ನಿಂತಿತ್ತು. ನಿಂತ ಗಾಡಿ ಲೆಕ್ಕಕ್ಕೆ ಬರುತ್ತಾ ಇಲ್ವಾ ಅಂತ ಜಗಳ ಶುರುವಾಗಿ ಇನ್ನೂ ಮೂರು ಕಿಲೋಮೀಟರ್ ಹೋಗಿದ್ದೇ ಗೊತ್ತಾಗಲಿಲ್ಲ. 46, ಅರಕಲಗೂಡು ತನಕ ಮುಟ್ಟಬೇಕು ಅಂತ ಆಸೆ, ಇದುವರೆಗೂ ಆಗಿಲ್ಲ.

ಮೂಡಿಗೆರೆ_ಮಳೆ
46 ಅರಕಲಗೂಡು ಅಲ್ಲ ಮಾರಾಯ್ರೆ, ಸಕಲೇಶಪುರ.

ಅರಸೀಕೆರೆ_ಕಾಯಿ
ಹೌದು, ತಪ್ಪಾಯ್ತು. ಅಲ್ಲಿಯ ತನಕ ಮುಟ್ಟಿದ್ರೆ ತಾನೇ ಗೊತ್ತಾಗೋದು.

ನಿವೃತ್ತ_ಮೇಷ್ಟ್ರು
ನನಗೀಗ 66. ನಡಿಗೆ ಬಿಟ್ಟು ಎರಡು ವರ್ಷ ಆಯಿತು, ಮಂಡಿ ಒಪ್ಪುತ್ತಿಲ್ಲ. ನಾವು ಹೋಗೋಕೆ ಶುರು ಮಾಡಿದಾಗ ಮೊಬೈಲೂ ಇರಲಿಲ್ಲ, ಇಷ್ಟು ಗಾಡಿಗಳೂ ಇರಲಿಲ್ಲ. ಆಗ ನಮಗೆ ದಾರಿ ಕಳೆಸಿದ್ದು ಕಲ್ಲು.

ಹೆದ್ದಾರಿಯಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು ನೆಟ್ಟಿರುತ್ತಾರೆ. 2, 4, 6, 8 ಅಂತ ಬರೆದಿರುತ್ತೆ, ಅಷ್ಟೇ. ಕಾರಿನಲ್ಲಿ ಹೋಗುವವರಿಗೆ ಅದು ಕಾಣೋದೇ ಇಲ್ಲ. ಅರ್ಧ ಕಲ್ಲು ಹುಲ್ಲಿನಲ್ಲಿ ಮುಚ್ಚಿಹೋಗಿರುತ್ತೆ, ಹುಡುಕಬೇಕು. ನಮ್ಮ ನಿಯಮ ಏನಂದ್ರೆ, ಒಂದು ಕಲ್ಲು ಬಂದಾಗ ಒಬ್ಬರು ಒಗಟು ಹೇಳಬೇಕು, ಮುಂದಿನ ಕಲ್ಲು ಬರುವುದರೊಳಗೆ ಉಳಿದವರು ಬಿಡಿಸಬೇಕು. ಎರಡೂವರೆ ನಿಮಿಷ ಸಿಗುತ್ತೆ. ಬಿಡಿಸದಿದ್ದರೆ ಒಗಟು ಹೇಳಿದವನ ಚೀಲವನ್ನು ಸೋತವರು ಮುಂದಿನ ಕಲ್ಲಿನವರೆಗೆ ಹೊರಬೇಕು. ಒಗಟು ಬರುವವನ ಹೆಗಲು ಇಡೀ ದಿನ ಖಾಲಿ!

ಒಂದು ಹೇಳುತ್ತೇನೆ, ಬಿಡಿಸಿ: ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.

ಎಡಗಾಲು
ಮಲ್ಲಿಗೆ. ಮೇಷ್ಟ್ರೇ, ಇದು ಮೂರನೇ ಕ್ಲಾಸಿನ ಒಗಟು.

ತೋಟದಮನೆ
ಮಲ್ಲಿಗೆ ಅಂತ ಬಯಲುಸೀಮೆಯವರು ಹೇಳೋದು. ನಮ್ಮ ಕಡೆ ಅದು ಕಾಫಿ ಹೂವು. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಗೆ ಸ್ಪ್ರಿಂಕ್ಲರ್ ಬಿಟ್ಟು ಎಂಟು ಹತ್ತು ದಿನ ಕಳೆದ ಮೇಲೆ ಬಂದು ನೋಡಿ. ಮೊಸರು ಚೆಲ್ಲಿದ್ದು ಯಾವುದಕ್ಕೆ ಅಂತ ಆಗ ಹೇಳಿ.

ನಿವೃತ್ತ_ಮೇಷ್ಟ್ರು
ಉತ್ತರ ಮಲ್ಲಿಗೆಯೇ ತಾಯಿ. ನಮ್ಮಜ್ಜಿ ಕಾಲದಿಂದ ಮಲ್ಲಿಗೆ.

ತೋಟದಮನೆ
ನಮ್ಮಜ್ಜಿ ಕಾಲದಿಂದ ಕಾಫಿ.

ಎಡಗಾಲು
ಇಷ್ಟೆಲ್ಲ ಯಾಕೆ? ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಮುಗೀತು. ಹಾಸನದಿಂದ ಬೇಲೂರಿಗೆ ಎಂಟು ಒಂಬತ್ತು ಗಂಟೆ ನಡಿಗೆ. ಹಾಡು, ಹರಿಕಥೆ, ಪಾಡ್‌ಕಾಸ್ಟ್, ಯಾವುದು ಬೇಕೋ ಅದು. ನಾನು ಹಿಂದಿನ ದಿನವೇ ಎಲ್ಲಾ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತೇನೆ. ಯಾರ ಜೊತೆಗೂ ಜಗಳ ಇಲ್ಲ, ಯಾರ ಚೀಲವೂ ಹೊರಬೇಕಾಗಿಲ್ಲ.

ಗಿರಿಸಾಲು
ಎಡಗಾಲು ಅವರೇ, ಬೈತೀನಿ ಅಂತ ಅಂದುಕೊಳ್ಳಬೇಡಿ. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಎರಡೂ ಕಿವಿ ಮುಚ್ಚಿಕೊಂಡು ನಡೆಯುತ್ತಿದ್ದೆ. ರಸ್ತೆಯ ಎಡಬದಿ, ಗಾಡಿಗಳಿಗೆ ಬೆನ್ನು ಹಾಕಿ. ಹಿಂದಿನಿಂದ ಬಸ್ಸು ಬಂದಿದೆ, ಅದರ ಹಿಂದೆಯೇ ಇನ್ನೊಂದು ಗಾಡಿ ಓವರ್‌ಟೇಕ್ ಮಾಡಿದೆ. ಹಾರನ್ ನನಗೆ ಕೇಳಿಸಲೇ ಇಲ್ಲ. ಜೊತೆಯಲ್ಲಿದ್ದವನು ಚೀಲ ಹಿಡಿದು ಎಳೆದ. ಚೀಲದ ಪಟ್ಟಿ ಕಿತ್ತು ಅವನ ಕೈಗೆ ಬಂತು, ನಾನು ಚರಂಡಿಗೆ ಬಿದ್ದೆ. ಮೊಣಕೈ ತರಚಿತು, ಅಷ್ಟಕ್ಕೇ ಹೋಯ್ತು. ಆದರೆ ಆಮೇಲೆ ಅರ್ಧ ಗಂಟೆ ಕೈ ನಡುಗುತ್ತಿತ್ತು. ನೀರಿನ ಬಾಟಲಿ ಮುಚ್ಚಳ ತೆಗೆಯೋಕಾಗಲಿಲ್ಲ.

ಅವತ್ತಿಂದ ಒಂದೇ ಕಿವಿಗೆ ಹಾಕೋದು. ಬಲಬದಿಯಲ್ಲಿ, ಎದುರಿಗೆ ಬರೋ ಗಾಡಿ ಕಾಣೋ ಹಾಗೆ ನಡೆಯೋದು. ಬೆಳಕು ಹರಿಯೋ ಮುಂಚೆ ಹೊರಡೋರು ಬೆನ್ನಿಗೆ ಹೊಳೆಯೋ ಪಟ್ಟಿ ಹಾಕಿಕೊಳ್ಳಿ.

ಇನ್ನೊಂದು ಮಾತು. ಬೇಜಾರು ಅಂತ ಹೊರಟ ತಕ್ಷಣ ಹಾಡು ಹಾಕ್ತೀರಲ್ಲ, ಅದೇ ತಪ್ಪು. ಬೆಳಿಗ್ಗೆ ಯಾವನಿಗೆ ಬೇಜಾರು? ಮಧ್ಯಾಹ್ನ ಬೇಕಾದಾಗ ಅದೇ ಹಾಡು ಕೇಳಿದರೆ ತಲೆನೋವು ಬರುತ್ತೆ.

ಎಡಗಾಲು
ಒಂದು ಕಿವಿ, ಒಪ್ಪಿದೆ. ಆದರೆ ಹಾಡು ಬಿಡಲ್ಲ.

ಬಸ್‌ಪಾಸ್
ಪ್ರಾಮಾಣಿಕವಾಗಿ ಕೇಳ್ತೀನಿ, ಬೇಜಾರಾದರೆ ಯಾಕೆ ನಡೀಬೇಕು? ಹರಕೆ ಹೊತ್ತವರು ನಡೆಯಲಿ. ಭಾವನಿಗೆ ಹರಕೆ ಇದೆಯಾ?

ಹೇಮಾವತಿ_ದಂಡೆ
ಹರಕೆ ಇದೆ. ಹೊತ್ತಿದ್ದು ಅಕ್ಕ, ನಡೆಯಬೇಕಾಗಿರೋದು ಭಾವ.

ಮೂಡಿಗೆರೆ_ಮಳೆ
😂 ಈಗ ಅರ್ಥ ಆಯ್ತು.

ತೋಟದಮನೆ
ನಾನು ಪಾದಯಾತ್ರೆ ಮಾಡಿದವಳಲ್ಲ. ಮನೆ ಮುಂದೆಯೇ ನಿಮ್ಮಂಥವರು ಸಾವಿರಾರು ಜನ ಹೋಗ್ತಾರೆ, ಮಜ್ಜಿಗೆ ಕೊಡ್ತೀವಿ, ಅಷ್ಟೇ. ಆದರೆ ಬೇಜಾರಿನ ಕೆಲಸದ ಬಗ್ಗೆ ನನಗೆ ಗೊತ್ತಿದೆ. ಕಾಫಿ ಕುಯ್ಲಿಗಿಂತ ಬೇಜಾರಿನ ಕೆಲಸ ಯಾವುದಿದೆ ಹೇಳಿ? ಒಂದೇ ಥರದ ಗಿಡ, ಒಂದೇ ಥರದ ಹಣ್ಣು, ಬೆಳಿಗ್ಗೆಯಿಂದ ಸಂಜೆ ತನಕ.

ನಮ್ಮಲ್ಲಿ ಕುಯ್ಲಿಗೆ ಬರೋ ಹೆಂಗಸರನ್ನು ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ. ಅವರು ಇಡೀ ದಿನ ಹಾಡಲ್ಲ. ಬೆಳಿಗ್ಗೆ ಬರೀ ಮಾತು. ಯಾರ ಮನೆ ಸೊಸೆ, ಯಾರ ಮನೆ ಸಾಲ, ಎಲ್ಲಾ ಹತ್ತು ಗಂಟೆಯೊಳಗೆ ಇತ್ಯರ್ಥ. ಆಮೇಲೆ ಮಾತು ತಾನಾಗೇ ನಿಲ್ಲುತ್ತೆ. ಹಣ್ಣು ಕುಕ್ಕೆಗೆ ಬೀಳೋ ಶಬ್ದ ಬಿಟ್ಟರೆ ಏನೂ ಇರಲ್ಲ. ಊಟ ಆದ ಮೇಲೆ ಎರಡು ಗಂಟೆಗೆ ಕಣ್ಣು ಎಳೆಯುತ್ತಲ್ಲ, ಆಗ ಒಬ್ಬಳು ಹಾಡು ಎತ್ತುತ್ತಾಳೆ. ಹಾಡನ್ನು ಅಲ್ಲಿಯ ತನಕ ಕಾಪಾಡಿ ಇಟ್ಟುಕೊಂಡಿರ್ತಾರೆ. ಒಂದು ಸಲ ಹೊಸ ಹುಡುಗಿ ಬೆಳಿಗ್ಗೆ ಎಂಟಕ್ಕೇ ಹಾಡೋಕೆ ಶುರು ಮಾಡಿದಳು. ಹಿರಿಯಳೊಬ್ಬಳು 'ಈಗಲೇ ಖರ್ಚು ಮಾಡಬೇಡ್ವೇ' ಅಂದಳು.

ಗಿರಿಸಾಲು ಹೇಳಿದ್ದೂ ಇದನ್ನೇ ಅಲ್ವಾ?

ಗಿರಿಸಾಲು
ಅದನ್ನೇ ಅಕ್ಕಾ. ನನಗೆ ಇಷ್ಟು ಚೆನ್ನಾಗಿ ಹೇಳೋಕೆ ಬರಲಿಲ್ಲ.

ಜಮಖಂಡಿ_ಜವಾರಿ
ನಾಲ್ವತ್ತು ಕಿಲೋಮೀಟರಿಗೆ ಇಷ್ಟು ಚರ್ಚೆ ಏನ್ರೀ! ನಮ್ಮ ಕಡೆ ಯುಗಾದಿಗೆ ಶ್ರೀಶೈಲಕ್ಕ ಹೋಗೋರನ್ನ ನೋಡ್ರಿ. ಹೆಗಲ ಮ್ಯಾಲ ಕಂಬಿ, ವಾರಗಟ್ಟಲೆ ನಡಿಗಿ. ಕೆಲವರು ಮರಗಾಲು ಕಟ್ಟಿಕೊಂಡು ನಡೀತಾರ. ಮರಗಾಲಿನ ಮ್ಯಾಲ ನಿಂತಾಂವಗ ಬ್ಯಾಸರ ಬರಾಕ ಟೈಮ್ ಎಲ್ಲೈತಿ? ಬಿದ್ದರ ಹಲ್ಲು ಹೋಗ್ತಾವ.

ಖರೇ ಹೇಳಬೇಕಂದ್ರ, ಪಂಢರಪುರದ ವಾರಿ ನೋಡಿ ಕಲೀಬೇಕು. ಆಳಂದಿಯಿಂದ ಸುಮಾರು 250 ಕಿಲೋಮೀಟರ್, ಮೂರು ವಾರದ ನಡಿಗಿ. ಒಂದೊಂದು ದಿಂಡಿ ಅಂದ್ರ ಒಂದೊಂದು ತಂಡ. ತಾಳ, ಮೃದಂಗ, ಅಭಂಗ. ಒಬ್ಬಾಂವ ಹಾಡ್ತಾನ, ಉಳಿದವರು ಹಿಂದ ಹೇಳ್ತಾರ. ಹೆಜ್ಜಿ ತಾಳಕ್ಕ ಬೀಳತೈತಿ, ಹಂಗಾಗಿ ಕಾಲು ತಾನಾಗೇ ಹೋಗತೈತಿ. ನಡುವ ಬಯಲಾಗ ರಿಂಗಣ ಅಂತ ಮಾಡ್ತಾರ. ಎಲ್ಲಾರೂ ಸುತ್ತ ನಿಲ್ತಾರ, ಕುದುರಿ ಒಳಗ ಸುತ್ತು ಓಡತೈತಿ. ಅದು ಭಕ್ತಿನೂ ಹೌದು, ದಣಿದ ಮಂದಿಗೆ ಜೀವ ಬರೋದೂ ಹೌದು.

ಅರಸೀಕೆರೆ_ಕಾಯಿ
ನಮ್ಮ ಹತ್ರ ಕುದುರೆ ಇಲ್ಲ ಸಾರ್, ಟೆಂಪೋ ಇದೆ.

ಪಡುವಣದ_ನೆರಳು
ಚಿಕ್ಕಮಗಳೂರಿನವನು, ಈಗ ಹೊರದೇಶದಲ್ಲಿ ಕೆಲಸ. 2019ರಲ್ಲಿ ಸ್ಪೇನ್‌ನ ಕಾಮಿನೋ ದಾರಿ ನಡೆದೆ. ಅದೂ ಯಾತ್ರೆಯ ದಾರಿಯೇ. ಫ್ರಾನ್ಸ್ ಗಡಿಯಿಂದ ಸಾಂಟಿಯಾಗೋ ತನಕ 780 ಕಿಲೋಮೀಟರ್ ಹತ್ತಿರ. ಅಲ್ಲೂ ಒಂದು 'ಹಗರೆ ರಸ್ತೆ' ಇದೆ. ಬುರ್ಗೋಸ್ ಮತ್ತು ಲಿಯೋನ್ ಊರುಗಳ ನಡುವಿನ ಬಯಲು, ಮೆಸೆಟಾ ಅಂತಾರೆ. ಬರೀ ಗೋಧಿ ಹೊಲ. ಎಷ್ಟೋ ಜನ ಅಷ್ಟು ದೂರ ಬಸ್ಸಿನಲ್ಲೇ ಹೋಗಿಬಿಡ್ತಾರೆ. ಅಂದರೆ ನಿಮ್ಮ ಭಾವ ಒಬ್ಬರೇ ಅಲ್ಲ, ಧೈರ್ಯ ಹೇಳಿ.

ಅದರಲ್ಲಿ ಕರಿಯೋನ್ ಅನ್ನೋ ಊರು ಬಿಟ್ಟ ಮೇಲೆ 17 ಕಿಲೋಮೀಟರ್ ಒಂದು ಊರೂ ಇಲ್ಲ. ನನಗೆ ಅವತ್ತು ಜೊತೆಗೆ ಯಾರೂ ಇರಲಿಲ್ಲ. ಫೋನಿನ ಚಾರ್ಜ್ ಮುಗಿದಿತ್ತು. ಪಶ್ಚಿಮಕ್ಕೆ ನಡೆಯೋದು, ಹಾಗಾಗಿ ಬೆಳಿಗ್ಗೆ ಸೂರ್ಯ ಬೆನ್ನಿಗೆ. ನನ್ನ ನೆರಳು ಮುಂದೆ ಉದ್ದಕ್ಕೆ ಬಿದ್ದಿತ್ತು, ತೆಂಗಿನ ಮರದಷ್ಟು. ಅದರ ತಲೆ ತುಳಿಯೋಕೆ ಅಂತ ನಡೆದೆ, ಮಕ್ಕಳ ಥರ. ಅದು ಹೊತ್ತು ಏರಿದ ಹಾಗೆ ಕುಗ್ಗುತ್ತಾ ಬಂತು. ಆಳುದ್ದ, ಸೊಂಟದುದ್ದ. ಇನ್ನೇನು ತಲೆ ತುಳಿದೇಬಿಟ್ಟೆ ಅನ್ನುವಾಗ ಕೆಳಗೆ ತಗ್ಗಿನಲ್ಲಿ ಊರು ಕಾಣಿಸಿತು.

ನೀವೂ ಪಡುವಣಕ್ಕೇ ನಡೆಯೋದಲ್ವಾ? ಬೆಳಿಗ್ಗೆ ಆರೂವರೆಗೆ ಹೊರಟು ನೋಡಿ.

ಹೇಮಾವತಿ_ದಂಡೆ
ಹಾಸನದಿಂದ ಬೇಲೂರು ವಾಯವ್ಯಕ್ಕೆ ಅಣ್ಣ. ನೆರಳು ಸ್ವಲ್ಪ ಎಡಕ್ಕೆ ಬೀಳುತ್ತೆ. ಅದರ ಹಿಂದೆ ಹೋದರೆ ಹೊಲಕ್ಕೆ ಇಳೀತೀನಿ. ಆದರೂ ಚೆನ್ನಾಗಿದೆ, ಮಾಡ್ತೀನಿ.

ಮೂಡಿಗೆರೆ_ಮಳೆ
ಅಮೆರಿಕದ ಅಪಲೇಚಿಯನ್ ದಾರಿಗೆ 'ಹಸಿರು ಸುರಂಗ' ಅಂತಲೇ ಅಡ್ಡಹೆಸರು. 3,500 ಕಿಲೋಮೀಟರ್, ಬಹುಪಾಲು ಮರದ ಕೆಳಗೇ. ಕಾಡೂ ಬೇಜಾರು ಬರಿಸುತ್ತೆ ಅಂತ ಹೇಳೋಕೆ ಬಂದೆ. ಬಯಲುಸೀಮೆಯನ್ನೇ ಬೈಬೇಡಿ.

ಅಂದಹಾಗೆ 1955ರಲ್ಲಿ ಎಮ್ಮಾ ಗೇಟ್‌ವುಡ್ ಅನ್ನೋ ಅಜ್ಜಿ ಅದನ್ನು ಒಬ್ಬರೇ ಪೂರ್ತಿ ನಡೆದರು. 67 ವರ್ಷ, ಕಾಲಿಗೆ ಬಟ್ಟೆ ಶೂ. ಮೇಷ್ಟ್ರೇ, ನಿಮಗಿನ್ನೂ ಒಂದು ವರ್ಷ ಟೈಮಿದೆ.

ನಿವೃತ್ತ_ಮೇಷ್ಟ್ರು
ಮಂಡಿಯನ್ನು ಕೇಳಿ ಹೇಳುತ್ತೇನೆ.

ಕೆಂಪುಹೊಳೆ_ಹುಡುಗ
ಇದೆಲ್ಲ ಬಿಡಿ, ಸಕಲೇಶಪುರದಿಂದ ರೈಲು ಹಳಿ ಮೇಲೆ ಸುಬ್ರಹ್ಮಣ್ಯದ ಕಡೆ ನಡೆಯಿರಿ. 57 ಸುರಂಗ, 109 ಸೇತುವೆ. ಬೇಜಾರು ಅನ್ನೋ ಪದವೇ ಮರೆತುಹೋಗುತ್ತೆ.

ಗಿರಿಸಾಲು
ದಯವಿಟ್ಟು ಬೇಡ. ಅಲ್ಲಿ ಈಗ ರೈಲು ಓಡ್ತಾ ಇದೆ, ಹಳಿ ಮೇಲೆ ನಡೆಯೋದು ಅಪರಾಧ. ಹಿಂದೆ ಹಳಿ ಬದಲಾಯಿಸುವಾಗ ರೈಲು ನಿಂತಿದ್ದ ಕಾಲದ ಕಥೆ ಅದು. ಸುರಂಗದ ಮಧ್ಯೆ ರೈಲು ಬಂದರೆ ಎಲ್ಲಿಗೆ ಹೋಗ್ತೀರಿ? ಇನ್ನೂ ಒಂದು, ಹಳಿಯ ಸ್ಲೀಪರ್ ಅಂತರ ಯಾರ ಹೆಜ್ಜೆಗೂ ಸರಿಹೊಂದಲ್ಲ. ಹೋಗಿದ್ದವರೆಲ್ಲ ಹೇಳೋದು ಒಂದೇ: ಮೊದಲ ಹತ್ತು ಸೇತುವೆ ಖುಷಿ, ಆಮೇಲೆ ಕಾಲ ಕೆಳಗೆ ಬಿಟ್ಟು ಏನೂ ನೋಡಿಲ್ಲ.

ಬೇಲೂರು_ಅಕ್ಕ
ಇಷ್ಟು ಜನ ಇಷ್ಟೆಲ್ಲ ಬರೆದ್ರಿ. ಟೆಂಪೋನ ಹಗರೆಯಲ್ಲಿ ನಿಲ್ಲಿಸದೆ ಸೀದಾ ಬೇಲೂರಿಗೆ ಕಳಿಸಿದರೆ ಆಯ್ತಲ್ಲ? ಟೆಂಪೋನೇ ಇಲ್ಲದಿದ್ರೆ ಭಾವ ಏನು ಹತ್ತುತ್ತಾರೆ?

ಹೇಮಾವತಿ_ದಂಡೆ
ಅಕ್ಕಾ, ಟೆಂಪೋ ಭಾವನದೇ.

ಬಸ್‌ಪಾಸ್
ಈ ವರ್ಷ ನಾನು ಓದಿದ ಅತ್ಯುತ್ತಮ ಉತ್ತರ ಇದು.

ಬೇಲೂರು_ಅಕ್ಕ
ಹಾಗಾದ್ರೆ ಕೆಲಸ ಕೊಡಿ. ನಮ್ಮ ಮನೆಯವರೂ ಇದೇ ಜಾತಿ. ಮದುವೆ ಮನೆಯಲ್ಲಿ ಸುಮ್ನೆ ಕೂರಿಸಿದರೆ ಹತ್ತು ನಿಮಿಷಕ್ಕೆ 'ಹೋಗೋಣ್ವಾ' ಅಂತಾರೆ. ಬಡಿಸೋಕೆ ಬಕೆಟ್ ಕೊಟ್ಟರೆ ಕೊನೇ ಪಂಕ್ತಿ ತನಕ ಕದಲಲ್ಲ. ಆ ನಂಬರ್ ಪುಸ್ತಕ ಭಾವನ ಕೈಗೇ ಕೊಡಿ.

ಮೂಡಿಗೆರೆ_ಮಳೆ
ಕೆಲಸಕ್ಕಿಂತ ಆಸೆ ತೋರಿಸಿ. ಕೊಟ್ಟಿಗೆಹಾರದ ನೀರುದೋಸೆ ನೆನೆಸಿಕೊಂಡರೆ ನಾನು ಮೂಡಿಗೆರೆಯಿಂದ ಇಪ್ಪತ್ತು ಕಿಲೋಮೀಟರ್ ಉಸಿರೆತ್ತದೆ ಹೋಗ್ತೀನಿ. ಬಿಸಿ ದೋಸೆ, ಕಾಯಿಚಟ್ನಿ, ಹೊರಗೆ ಮಂಜು.

ಎಡಗಾಲು
ನೀರುದೋಸೆಗೆ ಕಾಯಿಚಟ್ನಿನಾ? ಕೋಳಿಸಾರು ಸಾರ್.

ಮೂಡಿಗೆರೆ_ಮಳೆ
ಪಾದಯಾತ್ರೆಗೆ ಹೋಗ್ತಾ ಕೋಳಿಸಾರು ತಿಂತೀರಾ?

ಎಡಗಾಲು
ವಾಪಸ್ ಬರುವಾಗ ತಿಂತೀನಿ. ಅದಕ್ಕೇ ನಡೆಯೋದು.

ತೋಟದಮನೆ
ನೀವು ದೋಸೆಯಲ್ಲೇ ಇರಿ. ಒಂದು ಮುಖ್ಯ ವಿಷಯ: ಬೇಲೂರು, ಮೂಡಿಗೆರೆ ಕಡೆ ಆನೆ ಕಾಟ ಇದೆ. ಬಿಸಿಲು ತಪ್ಪಿಸೋಕೆ ಅಂತ ಕತ್ತಲಲ್ಲಿ ತೋಟದ ರಸ್ತೆಗಳಲ್ಲಿ ಒಬ್ಬೊಬ್ಬರೇ ನಡೆಯಬೇಡಿ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಸಂದೇಶ ಕಳಿಸ್ತಾರೆ, ಊರಿನವರನ್ನು ಕೇಳಿಕೊಂಡು ಹೊರಡಿ. ಅಲ್ಲಂತೂ ಎರಡೂ ಕಿವಿ ತೆರೆದಿರಲಿ.

ಹೇಮಾವತಿ_ದಂಡೆ
ಎಲ್ಲರಿಗೂ ಧನ್ಯವಾದ. ಹೋಗಿ ಬಂದು ಬರೀತೀನಿ.

ಹೇಮಾವತಿ_ದಂಡೆ (ಫೆಬ್ರವರಿ 18)
ಹೋಗಿ ಬಂದ್ವಿ. ವರದಿ ಕೊಡ್ತೀನಿ.

ಬೇಲೂರು ಅಕ್ಕ ಹೇಳಿದ ಹಾಗೆ ಪುಸ್ತಕ, ಪೆನ್ನು ಎರಡೂ ಭಾವನ ಕೈಗೆ ಕೊಟ್ಟೆ. ಮೊದಲು 'ಇದೇನು ಮಕ್ಕಳಾಟ' ಅಂದರು. ಹಾಸನ ದಾಟೋದರೊಳಗೆ 05 ಆಗಿತ್ತು. 08 ನಮಗೆ ಬೇಗ ಸಿಕ್ಕಿತು, ಯಾವುದೋ ಮದುವೆ ದಿಬ್ಬಣದ ಬಸ್ಸು. ಭಾವ ರಸ್ತೆ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಬಸ್ಸಿನಲ್ಲಿದ್ದವರು ಯಾರೋ ನೆಂಟರು ಅಂತ ಕೈ ಬೀಸಿದರು. ಸಿಕ್ಕಿಹಾಕಿಕೊಂಡಿದ್ದು 10ರಲ್ಲಿ, ಚಾಮರಾಜನಗರ. ಹಗರೆ ಬಂತು. ಟೆಂಪೋ ನಿಂತಿತ್ತು. ಭಾವ ಅದರ ಬಾಗಿಲ ಮೇಲೆ ಕೈ ಇಟ್ಟು, ನಮ್ಮನ್ನು ನೋಡಿ, 'ನಾನು ಹೋದರೆ ನೀವು 10 ನೋಡಿದ್ವಿ ಅಂತ ಸುಳ್ಳು ಬರ್ಕೋತೀರಾ' ಅಂದರು. ಬಾಗಿಲು ಬಿಟ್ಟು ನಡೆದರು! ನಾನು ಏನೂ ಮಾತಾಡಲಿಲ್ಲ. ಮಾತಾಡಿದರೆ ಕೆಡುತ್ತೆ ಅಂತ ಗೊತ್ತಿತ್ತು.

ಒಗಟು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ವಿ. ಎಂಟು ಒಗಟಿಗೆ ಎಲ್ಲರ ಸ್ಟಾಕ್ ಖಾಲಿ. ಮೂರರಿಂದ ನಾಲ್ಕರ ತನಕ ಯಾರೂ ಮಾತಾಡಲಿಲ್ಲ. ನನ್ನ ಚೀಲದಲ್ಲಿ ಅರ್ಧ ಖಾಲಿಯಾದ ಬಾಟಲಿ ಇತ್ತು, ಹೆಜ್ಜೆ ಹೆಜ್ಜೆಗೂ ಗುಳುಕ್ ಗುಳುಕ್ ಅಂತ ಸದ್ದು. ಅದನ್ನೇ ಕೇಳಿಕೊಂಡು ನಡೆದೆ. ಆ ಒಂದು ಗಂಟೆ ಬೇಜಾರಾಯ್ತಾ ಅಂತ ಕೇಳಿದರೆ ಏನು ಹೇಳಬೇಕೋ ಗೊತ್ತಿಲ್ಲ. ಆಲದ ಮರ ಯಾವಾಗ ಹಿಂದೆ ಹೋಯ್ತು ಅಂತ ನೋಡಲೇ ಇಲ್ಲ.

ಆರೂ ಮುಕ್ಕಾಲಿಗೆ ಯಗಚಿ ಸೇತುವೆ. ಭಾವ ಕಾಲಲ್ಲೇ ಬಂದಿದ್ದರು. ಅಕ್ಕನಿಗೆ ಫೋನ್ ಮಾಡಿ ಸೇತುವೆ ತೋರಿಸಿದರು.

ಎರಡನೇ ದಿನ ಮಧ್ಯಾಹ್ನ ಊಟ ಆದ ಮೇಲೆ ಟೆಂಪೋ ಹತ್ತಿದರು. ತೋಟದ ರಸ್ತೆಯಲ್ಲಿ ಗಾಡಿ ಕಡಿಮೆಯಂತೆ, ನಂಬರ್ ಮುಂದಕ್ಕೆ ಹೋಗ್ತಾ ಇಲ್ಲವಂತೆ.

ಬೇಲೂರು_ಅಕ್ಕ
ನಲವತ್ತು ಕಿಲೋಮೀಟರ್ ನಡೆದರಲ್ಲ, ಸಾಕು. ಅಕ್ಕನ ಅರ್ಧ ಹರಕೆ ತೀರಿತು.

ಅರಸೀಕೆರೆ_ಕಾಯಿ
ಎಷ್ಟರ ತನಕ ಆಯ್ತು?

ಹೇಮಾವತಿ_ದಂಡೆ
17. ಪುಸ್ತಕ ಭಾವನ ಹತ್ರಾನೇ ಇದೆ, ಕೊಡ್ತಾ ಇಲ್ಲ. ಹಾಸನದಲ್ಲಿ ಸಿಗ್ನಲ್ ಹತ್ರ ನಿಂತು ಈಗಲೂ 18 ಹುಡುಕ್ತಾ ಇದ್ದಾರೆ.

ಮೂಡಿಗೆರೆ_ಮಳೆ
18 ಚಿಕ್ಕಮಗಳೂರೇ ಅಲ್ವಾ! ನಮ್ಮೂರ ರಸ್ತೆಯಲ್ಲಿ ಅದು ಬಿಟ್ಟು ಬೇರೆ ಗಾಡಿನೇ ಇರಲ್ಲ. ಅವರು ಟೆಂಪೋ ಹತ್ತದೆ ಇನ್ನೆರಡು ಹೆಜ್ಜೆ ನಡೆದಿದ್ರೆ ಸಿಗ್ತಿತ್ತು.

ಹೇಮಾವತಿ_ದಂಡೆ
ಹತ್ತುವಾಗ 17 ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಧರ್ಮಸ್ಥಳದಲ್ಲಿ, ಪಾರ್ಕಿಂಗ್ ಜಾಗದಲ್ಲಿ. ನಿಂತ ಗಾಡಿ.

ಅರಸೀಕೆರೆ_ಕಾಯಿ
ನಿಂತ ಗಾಡಿ ಲೆಕ್ಕಕ್ಕಿಲ್ಲ!!

ತೋಟದಮನೆ
ನಮ್ಮ ತೋಟದಲ್ಲಿ ನಿನ್ನೆ ಹೂವು ಅರಳಿದೆ. ಮೇಷ್ಟ್ರು ಬಂದು ಒಂದು ಸಲ ನೋಡಿಕೊಂಡು ಹೋಗಲಿ.

ನಿವೃತ್ತ_ಮೇಷ್ಟ್ರು
ಬರುತ್ತೇನೆ ತಾಯಿ. ಬಸ್ಸಿನಲ್ಲಿ. ಉತ್ತರ ಮಾತ್ರ ಮಲ್ಲಿಗೆ.